ಖಲೀಲನಿಗೆ ಕೇಳಿಸದ ಪಿಟೀಲು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅಂಥವರ ಎದುರು ಕೂತು, ಆಗ ಚಳಿ ಎಷ್ಟಿತ್ತು, ಊಟ ಆಗಿತ್ತೇ, ಹಿಂದಿನ ರಾತ್ರಿ ನಿದ್ದೆ ಬಂದಿತ್ತೇ ಎಂದು ಒಂದೊಂದಾಗಿ ಕೇಳುತ್ತಾ ಅವರ ಮುಖ ಸಪ್ಪಗಾಗುವುದನ್ನು ನೋಡುವ ಕೆಟ್ಟ ಚಾಳಿ ನನ್ನದು. ಇದನ್ನು ಬರೆಯುವ ಮೊದಲು ಆ ಪ್ರಶ್ನೆಗಳನ್ನೆಲ್ಲ ನನಗೇ ಕೇಳಿಕೊಂಡಿದ್ದೇನೆ. ಹೊರಗೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಹತ್ತು ಡಿಗ್ರಿ. ಊಟ ಆಗಿತ್ತು. ನಿದ್ದೆಯೂ ಆಗಿತ್ತು. ಕುಡಿದಿರಲಿಲ್ಲ.

ಆದರೂ ಇದು ನಡೆಯಿತು. ಆ ರಾತ್ರಿ ನಾನು ಮನೆ ಸೇರಿದೆ, ಖಲೀಲ ಸೇರಲಿಲ್ಲ ಎಂಬುದಂತೂ ನಿಜ. ಅದಕ್ಕೆ ಯಾರ ಸಾಕ್ಷಿಯೂ ಬೇಕಿಲ್ಲ. ಉಳಿದದ್ದು ನನ್ನ ಕಿವಿಗೆ ಕೇಳಿಸಿದ್ದು...

ಕಿವಿಯೇ ನನ್ನ ಹೊಟ್ಟೆಪಾಡು. ಅಮೆರಿಕದ ಮಿಶಿಗನ್‌ನಲ್ಲಿ, ಡಿಯರ್‌ಬಾರ್ನ್‌ನ ಕಾರು ಕಂಪನಿಯೊಂದರಲ್ಲಿ, ಕಾರಿನೊಳಗಿನ ಸದ್ದುಗಳನ್ನು ಹುಡುಕುವ ಕೆಲಸ ನನ್ನದು. ಡ್ಯಾಶ್‌ಬೋರ್ಡಿನ ಕಿರ್‌ಕಿರ್, ಬಾಗಿಲ ಸಂದಿನ ಸಿಳ್ಳೆ, ಸೀಟಿನಡಿಯ ಗುಂಯ್‌ಗುಡುವಿಕೆ... ಯಾವ ಸದ್ದು ಎಲ್ಲಿಂದ ಹುಟ್ಟುತ್ತಿದೆ ಎಂದು ಬೆರಳಿಟ್ಟು ತೋರಿಸಬೇಕು. ಅದರ ಮೇಲೆಯೇ ಡಾಕ್ಟರೇಟ್ ಮಾಡಿದವನು. ಆ ರಾತ್ರಿಯ ಸದ್ದು ಎಲ್ಲಿಂದ ಬಂತೆಂದು ಮಾತ್ರ ಇವತ್ತಿಗೂ ತೋರಿಸಲಾರೆ.

ಖಲೀಲ ಹುಬ್ಬಳ್ಳಿಯವನು, ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್. ನಾನು ಮೈಸೂರಿನವನು. ನಮ್ಮಿಬ್ಬರನ್ನು ಗಂಟು ಹಾಕಿದ್ದು ಕಾಲೇಜಿನ ಫಿಲ್ಮ್ ಕ್ಲಬ್ ತರಿಸುತ್ತಿದ್ದ ಹಳೆಯ ಬ್ರಿಟಿಷ್ ಭೂತದ ಸಿನಿಮಾಗಳು. ಕೋಟೆ, ಮಂಜು, ಕುದುರೆಗಾಡಿ, ಬಿಳಿ ನೈಟ್‌ಗೌನ್ ತೊಟ್ಟು ಮೆಟ್ಟಿಲಿಳಿಯುವ ಹುಡುಗಿ. ಕೋಟೆಯ ಗೋಡೆ ರಟ್ಟಿನದು ಎಂದು ಹಿಂದಿನ ಬೆಂಚಿನವರಿಗೂ ಗೊತ್ತಾಗುತ್ತಿತ್ತು. ರಕ್ತ ಬಣ್ಣದ ನೀರು. ಆದರೆ ಸಂಗೀತ? ಅದರಲ್ಲಿ ಮಾತ್ರ ಜಿಪುಣತನವಿರಲಿಲ್ಲ. ಇಡೀ ಆರ್ಕೆಸ್ಟ್ರಾ. ಸದ್ದು ಅಡಗಿಸಿ ನೋಡಿದರೆ ನಗು ಬರುತ್ತಿತ್ತು. ಕಣ್ಣು ಮುಚ್ಚಿ ಕೇಳಿದರೆ ಹೊದಿಕೆ ಬೇಕಾಗುತ್ತಿತ್ತು.

ಖಲೀಲ ಒಮ್ಮೆ ಹಾಸ್ಟೆಲ್ ಮೆಸ್ಸಿನಲ್ಲಿ ಅಂದದ್ದು ನೆನಪಿದೆ. "ಆ ಹುಡ್ಗೀಗೆ ಪಿಟೀಲು ಕೇಳ್ಸಿದ್ರ ಬಾಗ್ಲಾ ತೆಗೀತಿದ್ಲೇನಲೇ? ನೋಡೋ ಮಂದಿಗೆ ಕೇಳ್ಸ್ತೈತಿ, ಸಾಯೋರಿಗೆ ಕೇಳ್ಸಂಗಿಲ್ಲ. ಅಷ್ಟ ನೋಡು ಇದರ ಮಜಾ."

ಅಲ್ಲಿಂದ ನಮ್ಮ ಆಟ ಹುಟ್ಟಿತು. ಒಬ್ಬ ಸಂಗೀತ ಹಾಕಬೇಕು, ಇನ್ನೊಬ್ಬ ಕಣ್ಣು ಮುಚ್ಚಿ, ಈಗ ತೆರೆಯ ಮೇಲೆ ಏನು ನಡೆಯುತ್ತಿದೆ ಎಂದು ಹೇಳಬೇಕು. ಸುಳ್ಳು ಹೇಳಿ ಹೆದರಿಸುವುದಕ್ಕೆ ಪೂರ್ತಿ ಸ್ವಾತಂತ್ರ್ಯ. ಹೆದರಿದವನು ಚಹಾ ಕೊಡಿಸಬೇಕು. 'ಖರೇ' ಅಂದರೆ ಆಟ ನಿಲ್ಲಬೇಕೆಂದು ಒಂದು ನಿಯಮ ಮಾಡಿಕೊಂಡಿದ್ದೆವು. ಖಲೀಲ ಅದನ್ನೂ ಸುಳ್ಳಾಗಿ ಹೇಳಿ ನನ್ನಿಂದ ಚಹಾ ಕುಡಿದಿದ್ದ. ಆಮೇಲೆ ಆ ಶಬ್ದಕ್ಕೆ ನಮ್ಮಿಬ್ಬರ ನಡುವೆ ಬೆಲೆಯೇ ಉಳಿಯಲಿಲ್ಲ.

ನಾನು ಹೇಳಹೊರಟ ರಾತ್ರಿ ತೊಂಬತ್ತರ ದಶಕದ ಕೊನೆಯದು. ನಾನು ಡಿಯರ್‌ಬಾರ್ನ್ ಹತ್ತಿರದ ಲಿವೋನಿಯಾದಲ್ಲಿ ಮನೆ ಮಾಡಿದ್ದೆ. ಖಲೀಲ ಶಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ವಿಡಿಯೋ ಅಂಗಡಿ ಇಟ್ಟಿದ್ದ. ಆ ಡಿಸೆಂಬರಿನಲ್ಲಿ ನನ್ನ ಹೆಂಡತಿ ವಸುಧಾಗೆ ಹೆರಿಗೆಯಾಗಿತ್ತು. ಊರಿಂದ ಬರಬೇಕಿದ್ದ ಅತ್ತೆಗೆ ವೀಸಾ ಸಿಗಲಿಲ್ಲ. ಖಲೀಲನ ಹೆಂಡತಿ ಶಾಹೀನ್ ಯಾರೂ ಕೇಳುವ ಮೊದಲೇ ಬಾಣಂತನಕ್ಕೆಂದು ನಮ್ಮ ಮನೆಗೆ ಬಂದು ಕೂತಳು. ಆಫೀಸಿನ ಕೆಲಸದ ಮೇಲೆ ನಾನು ಶಿಕಾಗೋಗೆ ಹೋಗಿದ್ದವನು, ವಾಪಸ್ ಬರುವಾಗ ಖಲೀಲನ ಕಾರಿನಲ್ಲಿ ಹೊರಟೆ. ಹಿಂದಿನ ಸೀಟಿನಲ್ಲಿ ಅವನ ಮಗಳು ಆಸ್ಮಾ. ಆರು ವರ್ಷ. ಕೈಯಲ್ಲಿ ಒಂದು ಕಿತ್ತಳೆ ಹಣ್ಣು. ಅದನ್ನು ಅಮ್ಮನಿಗೆ ಕೊಡಬೇಕಂತೆ, ಬ್ಯಾಗಿಗೂ ಹಾಕಲು ಬಿಡಲಿಲ್ಲ.

ಐದು ಗಂಟೆಗೇ ಕತ್ತಲು. ಇಂಡಿಯಾನಾ ದಾಟಿ ಮಿಶಿಗನ್ ಗಡಿ ಸೇರುವಷ್ಟರಲ್ಲಿ ಸರೋವರದ ಕಡೆಯಿಂದ ಹಿಮ ಶುರುವಾಯಿತು. ಹೀಟರಿನ ಸುಟ್ಟ ಧೂಳಿನ ವಾಸನೆ, ಡಬ್ಬಿಯಲ್ಲಿದ್ದ ಬಿರಿಯಾನಿಯ ವಾಸನೆ, ಹಿಮ ಕರಗಲೆಂದು ರಸ್ತೆಗೆ ಎರಚಿದ ಉಪ್ಪು ಟೈರಿನಡಿ ಚರಚರ ಎನ್ನುವ ಸದ್ದು.

"ಡಾಕ್ಟ್ರ, ಒಂದು ಮಾಲ್ ತಂದೀನಿ," ಅಂದ ಖಲೀಲ. ಡಾಕ್ಟರೇಟ್ ಬಂದಾಗಿನಿಂದ ನನ್ನ ಹೆಸರು ಅವನ ಬಾಯಲ್ಲಿ ಬಂದದ್ದೇ ಇಲ್ಲ. ಮುಚ್ಚಿಹೋದ ರೆಕಾರ್ಡ್ ಅಂಗಡಿಯೊಂದರಲ್ಲಿ ಸಿಕ್ಕ ಕ್ಯಾಸೆಟ್. ಮೇಲೆ ಚೀಟಿಯಿಲ್ಲ. ಒಳಗೆ ನಮ್ಮ ಕಾಲದ್ದೇ ಆರ್ಕೆಸ್ಟ್ರಾ, ಆದರೆ ಯಾವ ಸಿನಿಮಾದ್ದೆಂದು ಅವನಿಗೆ ಗೊತ್ತಾಗಿರಲಿಲ್ಲ. ಅವನಿಗೇ ಗೊತ್ತಾಗಿರಲಿಲ್ಲ ಎಂದರೆ ಅದು ದೊಡ್ಡ ವಿಷಯ.

ಅವನು ಕ್ಯಾಸೆಟ್ ಹಾಕಿದ. ಹಾಕಿದ್ದನ್ನು ನಾನು ನೋಡಿದೆ... ನೋಡಿದೆ ಎಂದು ನನ್ನ ನೆನಪು.

ಮೊದಲು ಚೆಲ್ಲೋಗಳು. ಕೆಳದನಿಯಲ್ಲಿ, ಒಂದೇ ಲಯ, ಗಾಲಿ ಉರುಳಿದ ಹಾಗೆ.

"ಕುದುರೆಗಾಡಿ," ಅಂದೆ ಕಣ್ಣು ಮುಚ್ಚಿ.

"ಎಲ್ಲಾ ಪಿಚ್ಚರ್‌ದಾಗೂ ಕುದುರಿಗಾಡಿ ಇರ್ತೈತಿ. ಮುಂದ ಹೇಳು."

"ಕತ್ತಲೆ ರಸ್ತೆ. ಹಿಮ ಬೀಳ್ತಿದೆ."

"ಕಳ್ಳ. ಕಿಟಕ್ಯಾಗ ನೋಡಿ ಹೇಳಾಕತ್ತಿ."

ಹಾರ್ಪಿನ ನಾಲ್ಕು ಸ್ವರ ತೊಟ್ಟಿಕ್ಕಿದವು. "ಗಾಡಿ ಒಳಗೆ ಒಂದು ಮಗು ಮಲಗಿದೆ," ಅಂದೆ. ನಿಜವಾಗಿಯೂ ಹಾಗೇ ಅನ್ನಿಸಿತ್ತು. ಅವನು ಜೋರಾಗಿ ನಕ್ಕ. ಕನ್ನಡಿಯಲ್ಲಿ ನೋಡಿದೆ, ಆಸ್ಮಾ ಕಿತ್ತಳೆ ಹಿಡಿದೇ ನಿದ್ದೆ ಹೋಗಿದ್ದಳು.

ಹಿಮ ದಟ್ಟವಾಯಿತು. ಮುಂದಿನ ಕಾರಿನ ಕೆಂಪು ದೀಪಗಳು ಮಾತ್ರ ಕಾಣುತ್ತಿದ್ದವು. ಆಮೇಲೆ ಅವೂ ಇಲ್ಲ. ಪಾ ಪಾ ಊರಿನ ಎಕ್ಸಿಟ್ ಇನ್ನೂ ಮುಂದಿತ್ತು. ಸಂಗೀತದಲ್ಲಿ ಈಗ ಬಸೂನ್ ಎಂಬ ಊದುವಾದ್ಯದ ದಪ್ಪ ದನಿ ಸೇರಿತು, ಅದರ ಕೆಳಗೆ ಎಲ್ಲೋ ಒಂದು ದೊಡ್ಡ ಜಾಗಟೆಯ ಗುಂಗು... ಪಿಟೀಲುಗಳು ಮೇಲೆ ಮೇಲೆ ಹತ್ತತೊಡಗಿದವು. ಬೆನ್ನುಹುರಿಯಲ್ಲಿ ತಣ್ಣಗಾಯಿತು, ಖುಷಿಯೂ ಆಯಿತು. ಇದೇ ಅಲ್ಲವೇ ನಾವು ಹುಡುಕುತ್ತಿದ್ದುದು?

"ಈಗ ನಿನ್ನ ಸರದಿ," ಅಂದೆ. "ಏನ್ ಕಾಣ್ತಿದೆ ಹೇಳು."

ಖಲೀಲ ಸ್ಟೀರಿಂಗಿನ ಮೇಲೆ ಬಾಗಿ ರಸ್ತೆ ನೋಡುತ್ತಿದ್ದ.

"ಏನ್ ಕೇಳ್ತೀಯಲೇ," ಅಂದ ಕೊನೆಗೆ. "ಬಂದ್ ಆಗೈತಲ್ಲ."

"ಯಾವುದು?"

"ಟೇಪು. ಆವಾಗ್ಲೇ ನಿಂತೈತಿ."

ನಿಂತಿರಲಿಲ್ಲ. ಕಹಳೆಗಳು ಶುರುವಾಗಿದ್ದವು. ಬಾಗಿಲ ಸ್ಪೀಕರ್ ಅದುರುವುದು ನನ್ನ ಮೊಣಕಾಲಿಗೆ ತಾಗುತ್ತಿತ್ತು.

ನನಗೆ ನಗು ಬಂತು. ಆಟ. ಅವನ ಹಳೆಯ ವರಸೆ. "ಚಹಾ ಕೊಡಿಸಲ್ಲ ಹೋಗೋ," ಅಂದೆ.

"ಆಟಾ ಅಲ್ಲಪಾ. ಡಿಕ್ಕ್ಯಾಗ ಆಂಪ್ಲಿಫೈಯರ್ ವೈರ್ ಕಿತ್ತಿರ್ಬೇಕು. ದಿನಾ ಅದ ಕತಿ."

"ಖಲೀಲ, ಮ್ಯೂಸಿಕ್ ನಡೀತಾ ಇದೆ. ಜೋರಾಗಿದೆ."

ಅವನು ಒಮ್ಮೆ ನನ್ನತ್ತ ತಿರುಗಿ ನಕ್ಕ. ನನ್ನದೂ ಆಟವೆಂದುಕೊಂಡ. ಅದು ಅವನ ಮುಖದಲ್ಲಿ ಸ್ಪಷ್ಟವಾಗಿತ್ತು.

"ಖರೇ?" ಅಂದ.

"ಖರೇ."

"ನಾ ಕಲಿಸಿದ್ದು ನನಗ ಹಚ್ಚಾಕತ್ತಿ."

ಹಿಂದಿನಿಂದ ಅಪ್ಪನನ್ನು ಕರೆಯುವ ನಿದ್ದೆಗಣ್ಣಿನ ದನಿ ಬಂತು. "ಅಬ್ಬಾ, ಇಟ್ಸ್ ಟೂ ಲೌಡ್."

ಆಸ್ಮಾಗೆ ನಮ್ಮ ಆಟ ಗೊತ್ತಿರಲಿಲ್ಲ.

"ನೀನೂ ಅಂಕಲ್ ಪಾರ್ಟಿ ಸೇರಿದೇನವಾ?" ಎಂದು ಖಲೀಲ ಕಾರನ್ನು ಬಲಕ್ಕೆ ತೆಗೆದುಕೊಂಡ.

"ಇಲ್ಲಿ ಬೇಡ. ಎಕ್ಸಿಟ್ ಬರ್ಲಿ, ಅಲ್ಲಿ ನೋಡೋಣ," ಅಂದೆ. ಅವನು ರಸ್ತೆಯಂಚಿನ ಶೋಲ್ಡರ್‌ನಲ್ಲಿ ನಿಲ್ಲಿಸಿ ಆಗಿತ್ತು.

"ವೈರ್ ಒತ್ತಿ ಬಂದೆ. ನೀ ಹೀಟರ್ ಕಾಯಿ."

ಬಾಗಿಲು ತೆರೆದು ಮುಚ್ಚಿತು. ಹಿಮದ ವಾಸನೆ, ಡೀಸೆಲ್ ವಾಸನೆ ಒಳಗೆ ಬಂದವು. ಡಿಕ್ಕಿ ತೆರೆದ ಸದ್ದು. ಹಿಂದಿನ ಗಾಜಿನ ತುಂಬ ಬಿಳಿ, ಅದರ ಅಂಚಿನಲ್ಲಿ ಎಮರ್ಜೆನ್ಸಿ ದೀಪದ ಕೆಂಪು ಬಂದು ಹೋಗಿ ಬಂದು ಹೋಗಿ...

ಸಂಗೀತ ಕಾರಿನ ತುಂಬ ತುಂಬಿತ್ತು. ಇಂಥ ಜಾಗ ನನಗೆ ಚೆನ್ನಾಗಿ ಗೊತ್ತು. ಇದು ಮೆಟ್ಟಿಲ ಕೊನೆ. ಸಿನಿಮಾದ ಆ ಹುಡುಗಿಯ ಕೈ ಬಾಗಿಲ ಹಿಡಿಕೆಯ ಮೇಲಿದೆ. ಎದ್ದು ಹೋಗಬೇಕೆಂದುಕೊಂಡೆ, ಅವನನ್ನು ಎಳೆದು ತರಬೇಕೆಂದುಕೊಂಡೆ. ಬೆಲ್ಟಿನ ಗುಂಡಿ ಬೆರಳಿಗೆ ಸಿಕ್ಕಿತ್ತು. ಒತ್ತಲಾಗಲಿಲ್ಲ. ಕತ್ತಲೆ ಸಿನಿಮಾ ಹಾಲ್‌ನಲ್ಲಿ ಕೂತವನು ತೆರೆಯತ್ತ ಕೈ ಚಾಚಿದರೆ ಏನಾಗುತ್ತದೆ? ಹಾಗೇ ಕೂತಿದ್ದೆ.

ಆಗ ಸಂಗೀತ ನಿಂತಿತು.

ನನಗೂ ನಿಂತಿತು. ವೈಪರ್ ಎಡಕ್ಕೆ ಹೋಯಿತು, ಬಲಕ್ಕೆ ಬಂತು.

"ಹಾ," ಅಂದಳು ಆಸ್ಮಾ, ಸಮಾಧಾನದಲ್ಲಿ.

ಹಿಂದಿನ ಗಾಜು ಒಮ್ಮೆಲೇ ಬೆಳ್ಳಗೆ ಉರಿಯಿತು. ಹಿಂದಿನಿಂದ ಒಂದು ಟ್ರಕ್ಕು ಬ್ರೇಕ್ ಹಾಕಿಯೂ ಜಾರಿಬಂದಿತ್ತು. ಅದು ನಮ್ಮ ಕಾರಿನ ಹಿಂಬದಿಯಲ್ಲಿ ಖಲೀಲ ನಿಂತಿದ್ದ ಮೂಲೆಯನ್ನು ಸವರಿಕೊಂಡು ಹೋಯಿತು, ಅಷ್ಟೇ. ಕಾರು ಒಮ್ಮೆ ತೂಗಿತು. ಆಸ್ಮಾಳ ಕೈಯ ಕಿತ್ತಳೆ ಕೂಡ ಬೀಳಲಿಲ್ಲ.

ಆಸ್ಪತ್ರೆಯ ಕಾರಿಡಾರಿನಿಂದ ಮನೆಗೆ ಫೋನ್ ಮಾಡಿದೆ. ಎತ್ತಿಕೊಂಡದ್ದು ಶಾಹೀನ್. "ಎಲ್ಲಿದ್ದೀರಿ ಭಾಯ್? ಹಿಟ್ಟು ನಾದಿ ಇಟ್ಟೀನಿ, ನೀವು ಬಂದ ಮ್ಯಾಲೆ ರೊಟ್ಟಿ ಮಾಡ್ತೀನಿ, ಬಿಸಿ ಬಿಸಿ ಇರ್ತಾವ." "ವಸುಧಾಗೆ ಕೊಡಿ," ಅಂದೆ. ಅವಳು ಫೋನನ್ನು ವಸುಧಾಗೆ ಕೊಡಲಿಲ್ಲ, ಕೆಳಗೂ ಇಡಲಿಲ್ಲ.

ಮುಖ ಒರೆಸಿಕೊಳ್ಳಲು ಕರ್ಚೀಫಿಗಾಗಿ ಕೋಟಿನ ಜೇಬಿಗೆ ಕೈ ಹಾಕಿದೆ. ಕ್ಯಾಸೆಟ್ ಸಿಕ್ಕಿತು. ಚೀಟಿಯಿಲ್ಲದ್ದು, ಡಬ್ಬಿಯೊಳಗೆ ಭದ್ರವಾಗಿ ಮುಚ್ಚಿದ್ದು.

ನನ್ನ ಹತ್ತಿರ ಉತ್ತರಗಳಿವೆ. ಗಾಬರಿಯಲ್ಲಿ ನಾನೇ ಅದನ್ನು ಹೊರತೆಗೆದು ಜೇಬಿಗೆ ಹಾಕಿಕೊಂಡಿರಬಹುದು. ಖಲೀಲ ಡಿಕ್ಕಿಯಲ್ಲಿ ವೈರ್ ಎಳೆದದ್ದಕ್ಕೇ ಸಂಗೀತ ನಿಂತಿರಬಹುದು. ಅವನ ಕಿವಿಗೆ ಆ ಕ್ಷಣ ಏನೋ ಆಗಿರಬಹುದು. ಆಘಾತವಾದಾಗ ನೆನಪು ಹಿಂದುಮುಂದಾಗುತ್ತದೆ. ಆಮೇಲೆ ನಡೆದದ್ದನ್ನು ಮನಸ್ಸು ಮೊದಲೇ ನಡೆದಂತೆ ಜೋಡಿಸಿಕೊಳ್ಳುತ್ತದೆ. ಬೇರೆಯವರಿಗಾದರೆ ಇದನ್ನೇ ಹೇಳುತ್ತಿದ್ದೆ, ಅವರ ಮುಖ ಸಪ್ಪಗಾಗುತ್ತಿತ್ತು.

ಕ್ಯಾಸೆಟ್ಟನ್ನು ನಾನು ಹಾಕಿ ನೋಡಲಿಲ್ಲ. ಖಲೀಲನ ಮಣ್ಣಾದ ಮೇಲೆ ಶಾಹೀನ್‌ಳ ಕೈಗೆ ಕೊಟ್ಟೆ, ಅವಳು ಅದನ್ನು ಎಲ್ಲಿಟ್ಟಳೋ ಕೇಳಲಿಲ್ಲ. ಆಸ್ಮಾಳನ್ನೂ ಏನೂ ಕೇಳಲಿಲ್ಲ. ಮಗುವನ್ನು ಕೇಳಿದರೆ ಪ್ರಶ್ನೆಯೇ ನೆನಪಾಗಿ ಕೂತುಬಿಡುತ್ತದೆ ಎಂದು ಓದಿಕೊಂಡವನು ನಾನು. ಅಂದಿನಿಂದ ಕಾರಿನಲ್ಲಿ ಹಾಡು, ರೇಡಿಯೋ ಯಾವುದನ್ನೂ ಹಾಕಿಲ್ಲ. ನನ್ನ ಮಗ ಗೊಣಗಿ ಗೊಣಗಿ ಸುಮ್ಮನಾಗಿದ್ದಾನೆ.

ಇಷ್ಟಾಗಿದ್ದರೆ ಬರೆಯುತ್ತಿರಲಿಲ್ಲ.

ಮೊನ್ನೆ ಆಗಸ್ಟಿನಲ್ಲಿ, ಈಗ ಹದಿನೆಂಟು ತುಂಬಿದ ಆಸ್ಮಾಗೆ ಆ್ಯನ್ ಆರ್ಬರ್‌ನಲ್ಲಿ ಕಾಲೇಜು ಶುರುವಾಯಿತು. ಶಾಹೀನ್‌ಗೆ ಅಂಗಡಿ ಬಿಟ್ಟು ಬರಲಾಗದು. ನಾನೇ ಶಿಕಾಗೋಗೆ ಹೋಗಿ ಕರೆದುಕೊಂಡು ಬಂದೆ. ಅದೇ ರಸ್ತೆ. ಈ ಸಲ ಬೇಸಿಗೆಯ ಸಂಜೆ, ಎರಡೂ ಕಡೆ ಜೋಳದ ಹೊಲ, ಬೇಕಾದಷ್ಟು ಬೆಳಕು. ಆಸ್ಮಾ ಪಕ್ಕದ ಸೀಟಿನಲ್ಲಿ ಪುಸ್ತಕ ಓದುತ್ತಿದ್ದಳು. ಪಾ ಪಾ ಎಕ್ಸಿಟ್ ಬರುವ ಮೊದಲು ಪುಸ್ತಕದಿಂದ ತಲೆ ಎತ್ತಿದಳು.

"ಅಂಕಲ್, ಸ್ವಲ್ಪ ಟರ್ನ್ ಇಟ್ ಡೌನ್ ಮಾಡ್ತೀರಾ?"

ಇಂಜಿನ್ನಿನ ಸದ್ದು ಕೇಳುತ್ತಿತ್ತು. ಟೈರಿನ ಸದ್ದು. ಕಿಟಕಿಯಂಚಿನ ಗಾಳಿ. ಇನ್ನೇನೂ ಇರಲಿಲ್ಲ.

"ಯಾವಾಗಿಂದ ಇದೆ?" ಅಂತ ಕೇಳಿದೆ.

"ಸಿನ್ಸ್ ವಿ ಕ್ರಾಸ್ಡ್ ಇನ್‌ಟು ಮಿಶಿಗನ್. ಐ ಥಾಟ್ ಯು ಲೈಕ್ಡ್ ಇಟ್." ಪುಸ್ತಕ ಮುಚ್ಚಿ ಸೇರಿಸಿದಳು, "ಲಾಟ್ ಆಫ್ ವಯೊಲಿನ್ಸ್."

ನಿಲ್ಲಿಸಲೇ? ಖಲೀಲ ನಿಲ್ಲಿಸಿದ್ದ. ನಿಲ್ಲಿಸದೆ ಹೋಗಲೇ? ಆಫ್ ಆಗಿದ್ದ ರೇಡಿಯೋದ ತಿರುಪಿನ ಮೇಲೆ ಬೆರಳಿಟ್ಟು, ಅವಳಿಗೆ ಕಾಣುವಂತೆ, ಎಡಕ್ಕೆ ತಿರುಗಿಸಿದೆ.

"ಥ್ಯಾಂಕ್ಸ್," ಅಂದು ಅವಳು ಮತ್ತೆ ಪುಸ್ತಕ ತೆರೆದಳು.

"ನಿಂತಿತಾ?"

"ಇಲ್ಲ. ಸಣ್ಣಗಿದೆ. ದಿಸ್ ಈಸ್ ಫೈನ್."

ಎಲ್ಲಿಯೂ ನಿಲ್ಲಿಸದೆ ಆ್ಯನ್ ಆರ್ಬರ್ ಮುಟ್ಟಿಸಿದೆ. ಪೆಟ್ಟಿಗೆಗಳನ್ನು ಅವಳ ಹಾಸ್ಟೆಲ್ ಕೋಣೆಗೆ ಹೊತ್ತೆವು. "ಡ್ರೈವ್ ಸೇಫ್ ಅಂಕಲ್, ಮನೆ ಸೇರಿದ್ಮೇಲೆ ಕಾಲ್ ಮಾಡಿ," ಎಂದು ಅವಳು ಒಳಗೆ ಹೋದಳು.

ಅಲ್ಲಿಂದ ಲಿವೋನಿಯಾಕ್ಕೆ ಅರ್ಧ ಗಂಟೆಯ ದಾರಿ. ಕೀಲಿ ತಿರುಗಿಸದೆ ಪಾರ್ಕಿಂಗ್ ಲಾಟಿನಲ್ಲಿ ಬಹಳ ಹೊತ್ತು ಕೂತಿದ್ದೆ. ಕಾರಿನೊಳಗೆ ಏನೂ ಕೇಳಿಸುತ್ತಿರಲಿಲ್ಲ. ಇನ್ನೂ ನಡೆಯುತ್ತಿದೆಯೇ, ನಿಂತಿದೆಯೇ... ಕೇಳೋಣವೆಂದರೆ ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ.