ತಾಂಬೂಲದೊಳಗಿನ ಮಾತ್ರೆ

ನಮ್ಮ ಬೀದಿಯಲ್ಲಿ ಯಾರೂ ಮಾತ್ರೆ ಎಸೆಯುವುದಿಲ್ಲ. ಆಪರೇಷನ್ ಆಗಿ ಬಂದವರದು, ಹಲ್ಲು ಕೀಳಿಸಿಕೊಂಡವರದು, ತೀರಿಕೊಂಡವರದು ಕೂಡ, ಉಳಿದದ್ದೆಲ್ಲ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಸೇರುತ್ತದೆ. ಪಕ್ಕದ ಮನೆಯವರಿಗೆ ಸೊಂಟ ಹಿಡಿದರೆ ಡಬ್ಬಿ ಹೊರಗೆ ಬರುತ್ತದೆ. ಹೆಪ್ಪಿಗೆ ಮೊಸರು ಕೊಟ್ಟಷ್ಟೇ ಸಲೀಸಾಗಿ ಮಾತ್ರೆ ಕೊಡುತ್ತಾರೆ, ತಮಗೆ ಇದರಿಂದ ಎಷ್ಟು ಗುಣವಾಯಿತು ಎಂಬ ಸರ್ಟಿಫಿಕೇಟನ್ನೂ ಸೇರಿಸಿ. ಮಲ್ಲೇಶ್ವರದಲ್ಲೇ ಹುಟ್ಟಿ ಬೆಳೆದವಳು ನಾನು. ಇದೆಲ್ಲ ಗೊತ್ತಿದ್ದೂ ಬೇಕಾದ ಹೊತ್ತಿಗೆ ಹೊಳೆಯಲಿಲ್ಲ.

ನನ್ನ ಗೆಳತಿ ಎರಡು ಕ್ರಾಸ್ ಆಚೆ ರವಿಕೆ ಹೊಲಿಯುತ್ತಾಳೆ. ಸ್ಕೂಲಿನಿಂದಲೂ ಜೊತೆ. ನಾನು ಮದುವೆಯಾಗಲಿಲ್ಲ, ಆಫೀಸು, ಮಹಡಿಯ ಮೇಲೊಂದು ಬಾಡಿಗೆ ಮನೆ, ಇಷ್ಟೇ ನನ್ನ ಪ್ರಪಂಚ. ಸಿಟ್ಟು ಸದಾ ಮೂಗಿನ ತುದಿಯಲ್ಲೇ. ನನ್ನನ್ನು ಸಹಿಸಿಕೊಂಡವರು ಕಡಿಮೆ, ನೆಟ್ಟಗೆ ಹೇಳಬೇಕೆಂದರೆ ಅವಳೊಬ್ಬಳೇ.

ಬಗ್ಗಿ ಬಗ್ಗಿ ಮಷೀನ್ ತುಳಿದು ಅವಳ ಬೆನ್ನು ಕೆಟ್ಟು, ಆಪರೇಷನ್ ಆಯಿತು. ಆಗ ಬರೆದುಕೊಟ್ಟ ನೋವಿನ ಮಾತ್ರೆ ಬೆನ್ನು ಸರಿಹೋದ ಮೇಲೂ ಬಿಡಲಿಲ್ಲ. ಮೊದಲು ನೋವಿಗೆಂದು ನುಂಗಿದಳು, ಆಮೇಲೆ ನೋವು ಬಂದೀತೆಂದು ನುಂಗಿದಳು. ಕೊನೆಗೆ ಮಾತ್ರೆ ಇಲ್ಲದಿದ್ದರೆ ಮೈಯೆಲ್ಲ ಬೆವರಿ, ಕೈ ನಡುಗಿ, ಸೂಜಿಗೆ ದಾರ ಪೋಣಿಸಲಾಗದ ಸ್ಥಿತಿ. ಒಂದು ಭಾನುವಾರ ನನ್ನ ಮನೆಯ ಮೆಟ್ಟಿಲ ಮೇಲೆ ಕುಳಿತು ಇದನ್ನೆಲ್ಲ ತಾನಾಗಿಯೇ ಹೇಳಿದಳು. ನಾನು ಚೆನ್ನಾಗಿ ಬೈದೆ. ಬೈದಾದ ಮೇಲೆ ಇದಕ್ಕೆಂದೇ ಇರುವ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ.

ಒಮ್ಮೆಲೇ ನಿಲ್ಲಿಸಕೂಡದು, ಸ್ವಲ್ಪಸ್ವಲ್ಪವೇ ಇಳಿಸಬೇಕು, ಮಾತ್ರೆ ಮಾತ್ರ ಬೇರೆಯವರ ವಶದಲ್ಲಿರಬೇಕು ಎಂದರು ಆಕೆ. ಗೆಳತಿಯ ಗಂಡನದು ತರಕಾರಿ ವ್ಯಾಪಾರ. ಕತ್ತಲಿರುವಾಗಲೇ ಮಾರ್ಕೆಟ್ಟಿಗೆ ಹೋದರೆ ಮಧ್ಯಾಹ್ನ ಬಂದು ಮಲಗುವ ಮನುಷ್ಯ. ಹಾಗಾಗಿ ಮಾತ್ರೆಗಳು ನನ್ನ ಬೀರುವಿಗೆ ಬಂದವು. ನಾನು ಆಫೀಸಿಗೆ ಹೊರಡುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಅವಳು ಬರುವಳು. ಮಾತ್ರೆ ನುಂಗಿ, ಕಾಫಿ ಕುಡಿದು, ಯಾರ ಮನೆಯ ಮದುವೆಗೆ ಎಷ್ಟು ರವಿಕೆ ಬಂದಿದೆ ಎಂದು ಹರಟಿ ಹೋಗುವಳು. ಅವಳ ಕಾಯಿಲೆಯ ದೆಸೆಯಿಂದ ನನಗೆ ಖುಷಿಯಾಗುತ್ತಿತ್ತು. ನನ್ನ ಮನೆಗೆ ದಿನಾ ಬರುವವರೆಂದು ಯಾರೂ ಇರಲಿಲ್ಲ.

ಸಂಪಿಗೆ ರಸ್ತೆಯ ಆಚೀಚೆಯ ಮೆಡಿಕಲ್ ಶಾಪಿನವರಿಗೆಲ್ಲ ಅವಳಿಗೆ ಈ ಮಾತ್ರೆ ಕೊಡಬೇಡಿ ಎಂದು ಹೇಳಿಟ್ಟಿದ್ದೆ. ಎಲ್ಲ ಬಾಗಿಲೂ ಮುಚ್ಚಿದೆ ಎಂದು ಬೀಗುತ್ತಿದ್ದೆ.

ಶ್ರಾವಣ ಬಂತು. ಆಪರೇಷನ್ ಆದಾಗಿನಿಂದ ಯಾರ ಮನೆಯ ಹಬ್ಬ ಸಮಾರಂಭಕ್ಕೂ ಹೋಗದವಳು, ವರಮಹಾಲಕ್ಷ್ಮಿ ಹಬ್ಬದ ಸಂಜೆ ರೇಷ್ಮೆ ಸೀರೆ ಉಟ್ಟು ನನ್ನನ್ನೂ ಹೊರಡಿಸಿದಳು. ಕರೆದ ಮನೆಯನ್ನು ಒಂದೂ ಬಿಡದೆ ಅರಿಶಿನ ಕುಂಕುಮಕ್ಕೆ ಹೋದೆವು. ಹಳೆಯ ಗೆಳತಿ ವಾಪಸ್ಸು ಬಂದಳೆಂದು ನಾನು ಹಿಗ್ಗಿದೆ. ಮೂಲೆ ಮನೆಯ ಅಜ್ಜಿ ಅವಳ ಕೈಗೆ ಎಲೆ ಅಡಿಕೆ, ತೆಂಗಿನಕಾಯಿ, ಬ್ಲೌಸ್ ಪೀಸ್ ಕೊಟ್ಟು, ಎಲೆಯ ಅಡಿಯಲ್ಲಿ ಒಂದು ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿಯನ್ನೂ ಸರಿಸಿದರು. "ನಮ್ಮನೆಯವರ ಮಂಡಿ ಆಪರೇಷನ್ನಿನದು ಉಳಿದಿತ್ತು ಕಣಮ್ಮ. ನಿನಗೇಂತ ಎತ್ತಿಟ್ಟಿದ್ದೆ" ಎಂದರು. ಎಷ್ಟು ಪ್ರೀತಿಯಿಂದ ಹೇಳಿದರೆಂದರೆ, ಅದನ್ನು ಅಲ್ಲೇ ಕಿತ್ತುಕೊಳ್ಳಲಾಗದೆ ನನ್ನ ಪಾಲಿನ ಎಲೆ ಅಡಿಕೆ ತೆಗೆದುಕೊಂಡು ಹೊರಬಂದೆ.

ರಸ್ತೆಗೆ ಬಂದು ಅವಳ ಚೀಲ ಕಸಿದು ನೋಡಿದೆ. ಕಾಯಿಗಳ ನಡುವೆ ಹಲವು ಮನೆಗಳ ಮಾತ್ರೆ ಪಟ್ಟಿಗಳಿದ್ದವು. ನೋವಿದೆ ಎಂದು ಹೋದ ಮನೆಯಲ್ಲೆಲ್ಲ ಹೇಳಿಕೊಂಡಿದ್ದಳು, ಅಷ್ಟು ಸಾಕಾಗಿತ್ತು. ಚೀಲ ಹಿಡಿದುಕೊಂಡೇ ಜಗಳವಾಡಿದೆ. ಅವಳು ಅಳಲಿಲ್ಲ. ಪಟ್ಟಿಗಳನ್ನೆಲ್ಲ ನನ್ನ ಕೈಗೆ ಹಾಕಿ, ಒಂದೇ ಒಂದು ಮಾತು ಕೇಳಿಕೊಂಡಳು. "ಈ ಮನೆಗಳಿಗೆಲ್ಲ ಏನೂ ಹೇಳ್ಬೇಡ ಕಣೇ. ಇವ್ರು ಕರೀದೇ ಇದ್ರೆ ನಾನು ಬದುಕಿದ್ದೂ ಒಂದೇ, ಸತ್ರೂ ಒಂದೇ."

ಹೇಳುವುದಿಲ್ಲ ಎಂದೆ. ಆಗ ಹಾಗೆಯೇ ಅಂದುಕೊಂಡಿದ್ದೆ.

ದಸರೆಗೆ ಮುಂಚೆ ಒಂದು ಮಧ್ಯಾಹ್ನ ಅವಳ ಗಂಡ ಫೋನ್ ಮಾಡಿದ. ಓಡಿದೆ. ಮಷೀನಿನ ಮೇಲೆ ತಲೆಯಿಟ್ಟು ಬಿದ್ದಿದ್ದಳು. ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆ ಯಾರದೋ ಸೀರೆಯ ಅಂಚನ್ನು ಸುಟ್ಟು, ಮೇಜನ್ನು ಸುಡತೊಡಗಿತ್ತು; ಗಂಡ ಅಷ್ಟರಲ್ಲಿ ಅದರ ಪ್ಲಗ್ ಕಿತ್ತಿದ್ದ. ಕೆನ್ನೆಗೆ ಹೊಡೆದರೂ ಕಣ್ಣು ತೆರೆಯಲಿಲ್ಲ. ಆಸ್ಪತ್ರೆಗೆ ಸಾಗಿಸಿದೆವು. ಪುಣ್ಯಕ್ಕೆ ಉಳಿದಳು. ನಾನು ಕೊಡುತ್ತಿದ್ದದ್ದರ ಮೇಲೆ ಯಾವುದೋ ಮನೆಯದು, ಅದರ ಮೇಲೆ ಇನ್ನಾವುದೋ ಮನೆಯ ನಿದ್ದೆ ಮಾತ್ರೆ ನುಂಗಿದ್ದಳು. ಇನ್ನೊಮ್ಮೆ ಹೀಗಾದರೆ ಉಸಿರೇ ನಿಲ್ಲಬಹುದು ಎಂದು ಡಾಕ್ಟರಮ್ಮ ಹೇಳಿದರು.

ಅವಳಿನ್ನೂ ಆಸ್ಪತ್ರೆಯಲ್ಲಿರುವಾಗಲೇ ನಾನು ಬೀದಿ ಸುತ್ತಿದೆ. ಮೊದಲು ಡಾಕ್ಟರು ಔಷಧಿ ಬದಲಾಯಿಸಿದ್ದಾರೆ, ಬೇರೇನೂ ಕೊಡಬೇಡಿ ಎಂದು ನಯವಾಗಿ ಹೇಳಿ ನೋಡಿದೆ. ಪಾಪ, ಅಷ್ಟು ನೋವು ಪಡುವವಳಿಗೆ ಒಂದು ಕೊಟ್ಟರೆ ಏನಾಗುತ್ತೆ ಎಂದರು. ಹಾಗಾಗಿ ನಿಜ ಹೇಳಬೇಕಾಯಿತು. ನಿಜಕ್ಕೆ ನನ್ನ ಬಳಿ ಇದ್ದದ್ದು ಒಂದೇ ಪದ: ಚಟ. ಕುಡುಕರಿಗೆ, ಇಸ್ಪೀಟಿನವರಿಗೆ ಹೇಳುವ ಅದೇ ಪದ. ಅದನ್ನು ಮನೆಮನೆಯ ನಡುಮನೆಯಲ್ಲಿ ನಿಂತು ಅವಳ ಹೆಸರಿನ ಜೊತೆ ಸೇರಿಸಿ ಹೇಳಿದೆ. ಮೂಲೆ ಮನೆಯ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡರು. ಡಬ್ಬಿಗಳು ಮುಚ್ಚಿದವು. ಅದರ ಜೊತೆಗೆ ಬಾಗಿಲುಗಳೂ. ನವರಾತ್ರಿಯ ಬೊಂಬೆ ನೋಡಲು ಅವಳನ್ನು ಒಂದು ಮನೆಯವರೂ ಕರೆಯಲಿಲ್ಲ.

ಮನೆಗೆ ಬಂದ ಮೇಲೆ ಅವಳಿಗೆ ಎಲ್ಲ ತಿಳಿಯಿತು. ಆದರೆ ಮಾತ್ರೆ ನನ್ನ ಬೀರುವಿನಲ್ಲಿತ್ತು, ಬರಲೇಬೇಕಿತ್ತು. ಬೆಳಿಗ್ಗೆ ಬರುವಳು, ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು ಅಂಗೈ ಚಾಚುವಳು. ನುಂಗುವಳು, ನೀರು ಕುಡಿಯುವಳು, ಹೋಗುವಳು. ಸಂಜೆಯೂ ಅಷ್ಟೇ. ಕಾಫಿ ಬೆರೆಸಿ ಇಟ್ಟರೆ ಆರಿಹೋಗುತ್ತಿತ್ತು. ಆಮೇಲೆ ನಾನೇ ಕುಡಿಯುತ್ತಿದ್ದೆ. ನನಗೆ ಕೋಪ ಬರುತ್ತಿತ್ತು. ನಿನ್ನ ಜೀವ ಉಳಿಸಿದೆನಲ್ಲೇ ಎಂದು ಕೂಗಬೇಕೆನಿಸುತ್ತಿತ್ತು. ಕೂಗಿದರೆ ಅಷ್ಟು ಬರುವುದನ್ನೂ ಬಿಟ್ಟಾಳೆಂದು ಹೆದರಿ ಸುಮ್ಮನಿರುತ್ತಿದ್ದೆ.

ಮಾತ್ರೆ ಇಳಿಯುತ್ತಾ ಬಂತು. ಸಂಜೆಯದು ನಿಂತಿತು, ಸಂಜೆ ಅವಳು ಬರುವುದೂ ನಿಂತಿತು. ಬೆಳಗಿನದು ಅರ್ಧವಾಯಿತು, ಆಮೇಲೆ ಕಾಲು. ಅವಳ ಕೈ ನಡುಗುವುದು ಕಡಿಮೆಯಾಯಿತು, ಮುಖಕ್ಕೆ ಬಣ್ಣ ಬಂತು. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಚಾಕುವಿನಿಂದ ಮಾತ್ರೆ ತುಂಡು ಮಾಡುವಾಗ, ಇದು ಇನ್ನಷ್ಟು ದಿನ ಎಳೆಯಲಿ ಎಂದು ಒಳಗೊಳಗೇ ಅನಿಸುತ್ತಿತ್ತು. ಡಾಕ್ಟರಮ್ಮ ಹೇಳಿದ ಲೆಕ್ಕವನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಕೊನೆಯ ಚೂರನ್ನು ಅಂಗೈಗೆ ಹಾಕಿದ ದಿನ ನಾನೇ ಬಾಯಿ ಬಿಟ್ಟೆ. "ಮುಗೀತು ಕಣೇ. ನಾಳೆಯಿಂದ ಮಾತ್ರೆ ಇಲ್ಲ."

"ಗೊತ್ತು" ಎಂದಳು.

ನೀರು ಕುಡಿದು ಲೋಟ ನನ್ನ ಕೈಗೇ ಕೊಟ್ಟಳು. ಕೈಗೆ ಕೈ ತಗುಲಿತು; ಬೆಚ್ಚಗೆ, ಸ್ಥಿರವಾಗಿ ಇತ್ತು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಲಿಲ್ಲ. ಪೂರ್ತಿ ಗುಣವಾಗಿದ್ದಳು. ಮಾರನೆಯ ಬೆಳಿಗ್ಗೆ ನಾನು ಆಫೀಸಿಗೆ ತಡವಾಗುವವರೆಗೂ ಬಾಗಿಲು ತೆರೆದೇ ಇಟ್ಟಿದ್ದೆ. ಅವಳು ಬರಬೇಕಾದ ಕಾರಣವೇ ಇರಲಿಲ್ಲ.