ಟಿವಿಯೊಳಗೆ ನೆಟ್ಟ ಬೀಜ

ಹಳೆಯ ಟ್ರಂಕು ತೆಗೆದಾಗ ವಿಡಿಯೋ ಗೇಮಿನ ರಿಮೋಟು ಸಿಕ್ಕಿತು. ಗುಂಡಿಗಳ ಸುತ್ತ ಮಣ್ಣು ಒಣಗಿ ಕಲ್ಲಾಗಿತ್ತು. ಉಗುರಿನಿಂದ ಕೆರೆದು ಮೂಸಿದೆ. ಇಷ್ಟು ವರ್ಷದ ಮೇಲೆ ಎಂಥ ವಾಸನೆ ಉಳಿದಿರುತ್ತದೆ, ಹೇಳಿ? ಆದರೂ ನನಗೆ ಕಾಡುಮಣ್ಣು, ಕೊಟ್ಟಿಗೆ ಗೊಬ್ಬರದ ವಾಸನೆ ಬಂದೇ ಬಂತು... ನರ್ಸರಿ ಮಾವನ ಕೈಯ ವಾಸನೆ.

ಮಾವ ಎಂದರೆ ನೆಂಟನಲ್ಲ. ದೋಣಿಗಲ್ ಹತ್ತಿರದ ಎಸ್ಟೇಟಿನಲ್ಲಿ ನಮ್ಮಪ್ಪ ಜೀಪ್ ಡ್ರೈವರ್. ಪಕ್ಕದ ಮನೆಯ ಈತ ನರ್ಸರಿಯಲ್ಲಿ ಕಾಫಿ ಸಸಿ ಎಬ್ಬಿಸುವವನು. ಒಂದು ವರ್ಷ ಆಳು ಸಾಲದೆ, ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ ಕೆಲಸಕ್ಕೆ ತಾನೇ ಹತ್ತಿ, ಬಿದ್ದು ಸೊಂಟ ಮುರಿದುಕೊಂಡ. ಆಮೇಲೆ ತೋಟಕ್ಕೆ ಇಳಿಯಲಾಗಲಿಲ್ಲ. ಹಗಲೆಲ್ಲ ಜಗುಲಿಯಲ್ಲಿ ಕುಳಿತು ಸಸಿಯ ಪ್ಲಾಸ್ಟಿಕ್ ತೊಟ್ಟೆಗಳಿಗೆ ಮಣ್ಣು ತುಂಬುವುದು, ಸಂಜೆ ಕೋಲೂರಿಕೊಂಡು ನಮ್ಮನೆಗೆ ಬಂದು ಟಿವಿ ಮುಂದೆ ಕೂರುವುದು. ಅಷ್ಟೇ ಅವನ ಓಡಾಟ.

ಆ ವಿಡಿಯೋ ಗೇಮು ಎಸ್ಟೇಟಿನ ಸಾಹುಕಾರರ ಮಗಳು ಹಾಸ್ಟೆಲ್ಲಿಗೆ ಹೋಗುವಾಗ ನನಗೆ ಕೊಟ್ಟದ್ದು. ಜಪಾನಿನದು. ಕತ್ತಿ ಹಿಡಿದ ಹುಡುಗಿಯೊಬ್ಬಳು ಜೊತೆಗಾರರನ್ನು ಕಟ್ಟಿಕೊಂಡು ಊರೂರು ಅಲೆಯುತ್ತ, ರಾಕ್ಷಸರ ಜೊತೆ ಬಡಿದಾಡುತ್ತ, ಕೊನೆಗೆ ಒಂದು ಕೋಟೆ ಸೇರುವ ಉದ್ದನೆಯ ಕಥೆ. ಮಾತೆಲ್ಲ ಜಪಾನಿ ಅಕ್ಷರದಲ್ಲಿ ಬರುತ್ತಿತ್ತು. ಏಳನೇ ಕ್ಲಾಸಿನ ನನಗೂ ತಿಳಿಯದು, ಮಾವನಂತೂ ಕನ್ನಡವನ್ನೇ ಅಕ್ಷರ ಕೂಡಿಸಿಕೊಂಡು ಓದಬೇಕು. ನಾನು ಸಿಕ್ಕ ಸಿಕ್ಕ ಗುಂಡಿ ಒತ್ತಿಕೊಂಡು ಹೋಗುತ್ತಿದ್ದೆ, ಮಾವ ನೋಡುತ್ತ ಕೂರುತ್ತಿದ್ದ.

ಬೆಟ್ಟದಾಚೆಯ ಹಳ್ಳಿಯಲ್ಲಿ ಒಬ್ಬ ಮುದುಕಿ ಏನೋ ಉದ್ದಕ್ಕೆ ಹೇಳಿ ಒಂದು ಬೀಜ ಕೊಟ್ಟಳು. ಅವಳ ಮನೆ ಹಿಂದೆ ಅಂಗೈಯಗಲ ಅಗೆದ ನೆಲವಿತ್ತು. ಮಾವ ನನ್ನಿಂದ ರಿಮೋಟು ಕಿತ್ತುಕೊಂಡು, ಕೈಯ ಮಣ್ಣನ್ನೂ ಒರೆಸಿಕೊಳ್ಳದೆ, ತಾನೇ ನೆಟ್ಟ. ಅವನು ಗುಂಡಿ ಒತ್ತಿದ್ದು ಅದೊಂದೇ ಸಲ.

ಅಲ್ಲಿಂದ ಶುರುವಾಯಿತು ನೋಡಿ. ನೆಟ್ಟ ಮೇಲೆ ನೋಡದೆ ಬಿಡುವ ಅಭ್ಯಾಸ ಆ ಮನುಷ್ಯನಿಗಿಲ್ಲ. ನಾನು ಆಟದಲ್ಲಿ ಎಷ್ಟೇ ಮುಂದೆ ಹೋಗಿರಲಿ, ಪ್ರತಿ ಭಾನುವಾರ ಮತ್ತೆ ಬೆಟ್ಟ ಹತ್ತಿ, ರಾಕ್ಷಸರ ಕೈಲಿ ಏಟು ತಿಂದು ಆ ಹಳ್ಳಿಗೆ ಹೋಗಬೇಕು.

"ಬೀಜ ಕೊಟ್ಟೋಳು ಸುಮ್ಕೆ ಕೊಟ್ಟಿರಲ್ಲ ಕಣವ್ವ. ಕಾಫಿ ಬೀಜನೇ ಒಂದೂವರೆ ತಿಂಗ್ಳು ತಗಳ್ತೈತೆ. ಒಂದ್ಸಲ ಹೋಗಿ ನೋಡ್ಕಂಡ್ ಬಂದ್ಬುಡು."

ಹೋದರೆ ಬರೀ ಮಣ್ಣು. ಮಾವ ಗಾಜಿಗೆ ಮೂಗು ತಾಗುವಷ್ಟು ಮುಂದೆ ಬಾಗಿ ನೋಡಿ, "ಬತ್ತೈತೆ" ಎನ್ನುತ್ತಿದ್ದ. ಒಂದೂವರೆ ತಿಂಗಳಾಯಿತು, ಎರಡು ತಿಂಗಳಾಯಿತು. ಅವನು ಓಡಾಡಬಹುದಾದ ತೋಟ ಅದೊಂದೇ ಎಂದು ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಬೇಸಿಗೆ ರಜೆ ಮುಗಿಯುತ್ತ ಬಂದಿತ್ತು, ನನಗೆ ಕೋಟೆ ಸೇರುವ ಆತುರ. ಒಂದು ಶನಿವಾರ, ಮಾವ ಇಲ್ಲದ ಹೊತ್ತಿನಲ್ಲಿ, ಹಡಗು ಹತ್ತಿ ಕೋಟೆಗೆ ಹೋಗಿ ಅಲ್ಲೇ ಸೇವ್ ಮಾಡಿಬಿಟ್ಟೆ. ಹಡಗು ಮತ್ತೆ ವಾಪಸ್ ಬರುವುದಿಲ್ಲ ಎಂದು ಜಪಾನಿಯಲ್ಲಿ ಬರೆದಿತ್ತೋ ಏನೋ. ಬರಲಿಲ್ಲ. ಇದ್ದದ್ದು ಅದೊಂದೇ ಸೇವ್, ಹಿಂದಿನ ಜಾಗದಿಂದ ಮತ್ತೆ ಆಡುವ ದಾರಿಯೇ ಇಲ್ಲ.

ಮರುದಿನ ಮಾವ ಬಂದು ಕೂತ. ನಾನು ಹೆದರಿ ಟಿವಿಯನ್ನೇ ಹಾಕಲಿಲ್ಲ.

"ನಿನ್ನೆನೇ ಹೋಗಿದ್ದೆ ಮಾವ. ಮೊಳಕೆ ಬಂದೈತೆ" ಎಂದೆ.

"ಎಲ್ಡ್ ಎಲೆನಾ?"

"ಹೂಂ, ಎಲ್ಡ್ ಎಲೆ."

ಮಾವ ಕೋಲು ಬದಿಗಿಟ್ಟು ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ತೋರಿಸು ಎನ್ನಲಿಲ್ಲ. "ಹಂಗಾರೆ ಇನ್ನೇನ್ ಭಯ ಇಲ್ಲ. ನೀನ್ ಮುಂದಕ್ಕೋಗು" ಎಂದ. ಅಮ್ಮನ ಹತ್ತಿರ ಕಾಫಿ ಕೇಳಿ ಕುಡಿದು, ಎದ್ದು ಹೋದ. ನಂಬಿದನೋ, ನನ್ನ ಮುಖ ನೋಡಿ ತಿಳಿದೂ ಸುಮ್ಮನಾದನೋ... ಆ ವರ್ಷದ ಆಷಾಢದಲ್ಲಿ ಜ್ವರ ಬಂದು ತೀರಿಕೊಂಡ.

ಈಗ ನಾನು ಆಲೂರಿನಲ್ಲಿ ಟೀಚರು. ರಿಮೋಟು ಸಿಕ್ಕ ವಾರವೇ ಅದೇ ಆಟವನ್ನು ಇಂಗ್ಲಿಷಿನಲ್ಲಿ ಹುಡುಕಿ ಕಂಪ್ಯೂಟರಿಗೆ ಹಾಕಿಸಿಕೊಂಡೆ. ಹಳ್ಳಿ ಬಂತು, ಮುದುಕಿ ಬಂದಳು, ಅವಳ ಮಾತು ಈ ಸಲ ಓದಲು ಬಂತು: ನೆಟ್ಟು ಮರೆಯಬೇಡ, ಹತ್ತು ಸಲ ಬಂದು ನೋಡಿ ಹೋಗು, ಆಮೇಲೆ ಏಳುತ್ತದೆ. ಬೆರಳು ಮಡಿಸಿ ಎಣಿಸಿದೆ. ಮಾವನೂ ನಾನೂ ಹೋದದ್ದು ಎಂಟು ಭಾನುವಾರ. ಇನ್ನೆರಡೇ ಸಲ ಹೋಗಿದ್ದರೆ ಅವನು ಕಣ್ಣಾರೆ ನೋಡುತ್ತಿದ್ದ. ನನ್ನ ಹಾಳು ಕೋಟೆ ಎಲ್ಲಿಗೆ ಓಡಿಹೋಗುತ್ತಿತ್ತು? ಕಂಪ್ಯೂಟರ್ ಆರಿಸಿ ಅತ್ತುಬಿಟ್ಟೆ.

ಹತ್ತು ಸಲವನ್ನೂ ಒಂದೇ ದಿನ ಮುಗಿಸಬಹುದಿತ್ತು, ಮನಸ್ಸು ಬರಲಿಲ್ಲ. ಭಾನುವಾರಕ್ಕೊಂದು ಸಲದಂತೆ ಬೆಟ್ಟ ಹತ್ತಿದೆ. ಹತ್ತನೆಯ ಭಾನುವಾರ ಮಣ್ಣು ಬಿರಿದಿತ್ತು. ನಾನೂ ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದೆ.

"ಎಲ್ಡ್ ಎಲೆ ಮಾವ. ಈ ಸಲ ನಿಜವಾಗ್ಲೂ" ಎಂದು ಗಟ್ಟಿಯಾಗಿಯೇ ಹೇಳಿದೆ. ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ.