ಕಿವಿಗೆ ಹಿಡಿದ ಸ್ಕ್ರೂಡ್ರೈವರು

ಇಸಳೂರಿನ ಬಯಲಿನಲ್ಲಿ ಈ ಸಲ ನಡೆದದ್ದನ್ನು ಹಳೇ ಗಾಡಿಗಳ ಕೂಟ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಸ್ವಾಗತದ ಕಮಾನು, ಅದರ ಮೇಲೆ ಊರಿನ ಪುಢಾರಿಗಳ ಮುಖ, ಎರಡೂ ಬದಿಗೆ ಆಳೆತ್ತರದ ಸ್ಪೀಕರು. ಬಾಗಿಲಲ್ಲೇ ಒಬ್ಬ ನನ್ನ ಜೀಪಿನ ಗಾಜಿಗೆ ನಂಬರಿನ ಸ್ಟಿಕರು ಅಂಟಿಸಿದ. ಇನ್ನೊಬ್ಬ ಟೀ ಶರ್ಟಿನ ಸೈಜು ಕೇಳಿದ. ಹದಿನೈದು ವರ್ಷದಿಂದ ಬರುತ್ತಿರುವವಳಿಗೆ ಇದು ಉಪಚಾರ! ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಗದ್ದಲ ಮಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸಿ ಅಭ್ಯಾಸ. ಅಲ್ಲಿ ಯಾರನ್ನು ಅಂತ ನಿಲ್ಲಿಸುವುದು?

ಮೊದಲು ನಾವು ಸೇರುತ್ತಿದ್ದದ್ದು ಆರೇಳು ಗಾಡಿಯವರು. ಸಿದ್ದಾಪುರದಿಂದ ಒಬ್ಬ ಬಟ್ಟೆ ಅಂಗಡಿಯವರು, ಯಲ್ಲಾಪುರದಿಂದ ಒಬ್ಬ ನಿವೃತ್ತ ಪಶುವೈದ್ಯರು, ಉಳಿದವರು ಶಿರಸಿಯವರು. ದೀಪಾವಳಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ ಎಲ್ಲರೂ ಗಾಡಿ ತಂದು ನಿಲ್ಲಿಸಿ ಬಾನೆಟ್ ಎತ್ತಿಡುವುದು. ಆಮೇಲೆ ದಾಸನಕೊಪ್ಪದ ಮಿಸ್ತ್ರಿ ಒಂದೊಂದಾಗಿ ಕೇಳುತ್ತ ಬರುವುದು. ನೋಡುವುದಲ್ಲ, ಕೇಳುವುದು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಯಾವ ಎಂಜಿನ್ನಿಗೆ ಹಚ್ಚಿದೆಯೋ ಅದರ ಸದ್ದು ಕಬ್ಬಿಣದೊಳಗಿಂದ ನೇರ ಕಿವಿಗೆ ಬರುತ್ತದೆ. ನಾನೂ ಒಮ್ಮೆ ಹಚ್ಚಿ ನೋಡಿದ್ದೆ, ತಲೆಯೊಳಗೇ ಯಾರೋ ಕುಟ್ಟಿದ ಹಾಗಾಗಿತ್ತು.

ಅವರು ಕೇಳುವಾಗ ಉಳಿದ ಗಾಡಿಗಳೆಲ್ಲ ಬಂದ್. ಮಾತೂ ಬಂದ್. ಯಾರೂ ಮಾಡಿದ ಕಾನೂನಲ್ಲ, ಆದರೆ ಯಾರೂ ಮುರಿದದ್ದಿಲ್ಲ. ಕೊನೆಯ ಗಾಡಿಯ ಪಾಳಿ ಮುಗಿಯುವ ತನಕ ಅವಲಕ್ಕಿ ಡಬ್ಬಿ ತೆರೆಯುವ ಹಾಗಿರಲಿಲ್ಲ. ವರ್ಷವಿಡೀ ನಾವೆಲ್ಲ ಧೈರ್ಯವಾಗಿ ಘಟ್ಟ ಇಳಿದು ಹತ್ತುತ್ತಿದ್ದದ್ದು ಆ ಒಂದು ಬೆಳಗಿನ ಭರವಸೆಯ ಮೇಲೆ.

ಹೋದ ವರ್ಷ ಮಿಸ್ತ್ರಿ ನನ್ನೊಬ್ಬಳನ್ನೇ ಬದಿಗೆ ಕರೆದು, ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೊಂದೇ ಆಸರೆ ಅಂದಿದ್ದರು. ಈ ವರ್ಷ ಬರುವುದಿಲ್ಲ ಅಂತಲೇ ಹಟ ಹಿಡಿದಿದ್ದರು. ಈಗ ಯಾರಿಗೂ ಮಿಸ್ತ್ರಿ ಬೇಕಾಗಿಲ್ಲ, ಎಲ್ಲರೂ ಗಾಡಿಗೆ ಕಂಪ್ಯೂಟರ್ ಸಿಕ್ಕಿಸುತ್ತಾರೆ ಅಂತ ಗೊಣಗಿದರು. ನಾನೇ ಎರಡು ಸಲ ದಾಸನಕೊಪ್ಪಕ್ಕೆ ಹೋಗಿ ಅವರನ್ನು ಒಪ್ಪಿಸಿದೆ. ಕೇಳುವಾಗ ಬಯಲಿಗೆ ಬಯಲೇ ಸುಮ್ಮನಿರುವ ಹಾಗೆ ನಾನು ನೋಡಿಕೊಳ್ಳುತ್ತೇನೆ ಅಂತ ಮಾತು ಕೊಟ್ಟೆ. ಅವರ ಕಿವಿಯ ಮರ್ಯಾದೆ ನನ್ನ ಮಾತಿನ ಮೇಲಿತ್ತು.

ಸುಮ್ಮನಿರುವುದಂತೆ! ಸೈಲೆನ್ಸರ್ ಕೊಯ್ಯಿಸಿಕೊಂಡು ಪಟಾಕಿ ಹಾರಿಸುವವರು ಒಂದು ಕಡೆ, ಬಾಗಿಲು ತೆರೆದಿಟ್ಟು ಹಾಡು ಹಚ್ಚಿದವರು ಇನ್ನೊಂದು ಕಡೆ. ಗಾಡಿಯ ಮೈಮೇಲೆ ಕೈಯಿಟ್ಟರೆ ಗೀರು ಬಿತ್ತೆಂದು ಹೌಹಾರುತ್ತಾರೆ, ಅದರ ಹೊಟ್ಟೆಯಲ್ಲಿ ಏನಿದೆ ಅಂತ ಕೇಳಿದರೆ ಒಬ್ಬನಿಗೂ ಗೊತ್ತಿಲ್ಲ. ಬಾನೆಟ್ ಎತ್ತಿದ್ದವರಲ್ಲಿ ಅರ್ಧ ಜನ ಒಳಗೆ ದೀಪದ ಮಾಲೆ ಬಿಟ್ಟುಕೊಂಡಿದ್ದರು. ಪಶುವೈದ್ಯರು ಹತ್ತು ನಿಮಿಷ ನೋಡಿ, ತಲೆನೋವು ಅಂತ ಹೇಳಿ ಯಲ್ಲಾಪುರಕ್ಕೆ ಗಾಡಿ ತಿರುಗಿಸಿದರು. ನನಗೂ ಹಾಗೇ ಹೊರಟುಬಿಡಬೇಕು ಅನ್ನಿಸಿತ್ತು. ಮಿಸ್ತ್ರಿಯನ್ನು ಕರೆತಂದವಳು ನಾನು, ಹೇಗೆ ಹೊರಡುವುದು?

ಸಂಘಟಕರಲ್ಲಿ ಒಬ್ಬ ನನ್ನ ಹಳೇ ವಿದ್ಯಾರ್ಥಿ. ಅವನನ್ನು ಹಿಡಿದು ಜಬರಿಸಿದೆ. ಅವನು ತಲೆ ಕೆರೆದುಕೊಂಡು, ಐದು ನಿಮಿಷ ಸ್ಪೀಕರ್ ನಿಲ್ಲಿಸಲು ಒಪ್ಪಿದ. ಬದಲಿಗೆ ನನ್ನಿಂದ ಒಂದು ಉಪಕಾರ ಕೇಳಿದ.

"ಅಕ್ಕೋರೇ, ನಿಮ್ಮ ಜೀಪು ಎದುರು ಸಾಲಲ್ಲೇ ಇರ್ಲಿ. ಹೆಂಗಸ್ರು ಹಳೇ ಜೀಪು ಓಡ್ಸೂದು ಅಂದ್ರೆ ವಿಡಿಯೋಕ್ಕೆ ಲಾಯ್ಕಾಗ್ತದೆ."

ಆಯ್ತು ಮಾರಾಯಾ ಅಂದೆ. ಒಳಗೊಳಗೆ ಖುಷಿಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಸ್ಪೀಕರು ನಿಂತಿತು. ಮಿಸ್ತ್ರಿ ನನ್ನ ಜೀಪಿನಿಂದಲೇ ಶುರುಮಾಡಿದರು. ತಿಂಗಳಿಂದ ಅದರಲ್ಲೊಂದು ಟಕಟಕ ಸದ್ದಿತ್ತು. ನಾನು ಸ್ಟಾರ್ಟ್ ಮಾಡಿ ಸೀಟಿನಲ್ಲಿ ಕೂತಿದ್ದೆ. ಎತ್ತಿದ ಬಾನೆಟ್ಟಿನ ಆಚೆ ಅವರ ಬಿಳಿ ಟೋಪಿಯ ಅಂಚು ಮಾತ್ರ ಕಾಣುತ್ತಿತ್ತು. ನಮ್ಮನ್ನು ನೋಡಿ ಅಕ್ಕಪಕ್ಕದವರೂ ಒಬ್ಬೊಬ್ಬರಾಗಿ ಗಾಡಿ ಬಂದ್ ಮಾಡಿದರು. ಹಳೆಯ ದಿನ ವಾಪಸು ಬಂತು ಅಂದುಕೊಂಡೆ.

ಅಷ್ಟರಲ್ಲಿ ಡ್ರೋನ್ ಮೇಲೆದ್ದಿತು. ಮೈಕು ಹಿಡಿದವನು, ಎಲ್ಲರೂ ಒಂದೇ ಸಲ ಎಂಜಿನ್ ರೇಸ್ ಮಾಡಿ ಅಂತ ಕೂಗಿ ಮೂರರಿಂದ ಕೆಳಕ್ಕೆ ಎಣಿಸಿದ. ಬಯಲಿಗೆ ಬಯಲೇ ಬೊಬ್ಬೆ ಹೊಡೆಯಿತು. ಮಿಸ್ತ್ರಿ ಪಕ್ಕಕ್ಕೆ ಸಿಡಿದು ಬಲಗಿವಿ ಮುಚ್ಚಿಕೊಂಡು ಕೂತುಬಿಟ್ಟರು. ಸ್ಕ್ರೂಡ್ರೈವರು ಹುಲ್ಲಿನಲ್ಲಿ ಬಿದ್ದಿತ್ತು. ನಾನು ಕೆಳಗಿಳಿದು ಓಡಿದೆ. ಅವರು ಎದ್ದು, ಸ್ಕ್ರೂಡ್ರೈವರನ್ನು ಲುಂಗಿಗೆ ಒರೆಸಿ ಚೀಲಕ್ಕೆ ಹಾಕಿಕೊಂಡರು. ಪಾಳಿಗೆ ಕಾದಿದ್ದ ಸಿದ್ದಾಪುರದ ಅಂಗಡಿಯವರಿಗೆ, ನನಗಿನ್ನು ಕೇಳಂಗಿಲ್ಲ ಅಂತ ಎಲ್ಲರೆದುರಿಗೇ ಹೇಳಿದರು. ಹದಿನೈದು ವರ್ಷದಲ್ಲಿ ಅವರ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ನಾನು ಬಿಟ್ಟು ಬರುತ್ತೇನೆ ಅಂದರೂ ಕೇಳದೆ ಬಸ್ಸಿಗೆ ಹೋದರು.

ನಾನು ಮೈಕಿನವನಿಗೆ ಬೈದೆ. ವಿದ್ಯಾರ್ಥಿಗೆ ಬೈದೆ. ಡ್ರೋನಿನವನಿಗೂ ಬೈದೆ. ಅವರು ಸಾರಿ ಮೇಡಂ ಅಂದರು. ಸಾರಿ ಅಂದವರ ಹತ್ತಿರ ಜಗಳ ಹೇಗೆ ಆಡುವುದು?

ಎರಡು ವಾರ ಬಿಟ್ಟು ದಾಸನಕೊಪ್ಪಕ್ಕೆ ಹೋದೆ. ಗ್ಯಾರೇಜಿನ ಬಾಗಿಲು ಅರ್ಧ ಎಳೆದಿತ್ತು. ಮಿಸ್ತ್ರಿ ಒಳಗೆ ಪಾನಾ, ಸುತ್ತಿಗೆ, ಇಕ್ಕಳಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ಕಿವಿಯಲ್ಲಿ ಅವತ್ತಿನಿಂದ ಕುಂಯ್ ಅನ್ನುವುದು ನಿಂತಿಲ್ಲ ಅಂದರು. ನಾನು ಹತ್ತಿರ ಕೂತು ಜೋರಾಗಿ ಮಾತು ಶುರುಮಾಡಿದೆ. ಈಗಿನವರಿಗೆ ಗಾಡಿಯೆಂದರೆ ಆಟಿಕೆ, ತಗ್ಗುಬಗ್ಗು ಇಲ್ಲ, ಪಕ್ಕದಲ್ಲೊಬ್ಬ ಮನುಷ್ಯ ಕಿವಿಗೊಟ್ಟು ನಿಂತಿದ್ದಾನೆ ಅನ್ನುವ ಖಬರೂ ಇಲ್ಲ. ಅವರೆಲ್ಲ ಸೇರಿ ನಿಮ್ಮ ಕಿವಿ ಹಾಳು ಮಾಡಿದರು ಅಂದೆ. ನನ್ನ ಸಿಟ್ಟು ನನಗೇ ಚೆನ್ನಾಗಿ ಕೇಳುತ್ತಿತ್ತು.

ಮಿಸ್ತ್ರಿ ಎಲ್ಲ ಮುಗಿಯುವ ತನಕ ನನ್ನ ತುಟಿಯನ್ನೇ ನೋಡುತ್ತಿದ್ದರು. ಆಮೇಲೆ ಆ ಸ್ಕ್ರೂಡ್ರೈವರನ್ನು ತೆಗೆದು ಚೀಲದ ಮೇಲಿಟ್ಟರು.

"ಅಕ್ಕೋರ, ಹೊರಗಿನ ಗದ್ದಲ ನನಗ ಅಷ್ಟು ಕೇಳಂಗಿಲ್ರಿ," ಅಂದರು. "ನಾ ಇದನ್ನ ಹಚ್ಚಿದ್ದು ನಿಮ್ಮ ಗಾಡಿಗೆ."

ಮೈಕಿನವನು ಎಣಿಸಿದಾಗ ಡ್ರೋನ್ ನನ್ನ ಜೀಪಿನ ನೇರಕ್ಕೇ ಇತ್ತು. ನಾನು ತಲೆಯೆತ್ತಿ ಅದನ್ನು ನೋಡಿ ನಕ್ಕಿದ್ದೆ. ಎಲ್ಲರ ಜೊತೆ ನನ್ನ ಕಾಲೂ ಆಕ್ಸಿಲರೇಟರಿನ ಮೇಲೆ ಪೂರ್ತಿ ಇಳಿದಿತ್ತು.